ಲಿಂಗನಮಕ್ಕಿಯಿಂದ ನೇತ್ರಾಣಿಗೆ: ಉಸಿರಿನ ಪದಗಳ ಜೊತೆ ನಾಲ್ಕು ದಿನ

ಮೊದಲ ದಿನ: ಹಿನ್ನೀರಿನ ದಡ

ಅಣ್ಣನ ಮಗನಿಗೆ ಸ್ಕೂಬಾ ಡೈವಿಂಗಿನ ‘ಓಪನ್ ವಾಟರ್’ ಪ್ರಮಾಣಪತ್ರ ಸಿಕ್ಕಿ ಒಂದು ವರ್ಷವಾಗಿತ್ತು. ಬಿಸಿಡಿ, ಎಸ್‌ಪಿಜಿ, ಎನ್‌ಡಿಎಲ್ ಎಂಬ ಮಾತುಗಳು ಅವನ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಡಿಸೆಂಬರಿನ ಅಡಿಕೆ ಕೊಯ್ಲಿನ ನಡುವೆ ಸಾಗರದ ನಮ್ಮ ಮನೆಗೆ ಬಂದವನನ್ನು, ಹೊರಡುವ ಹಿಂದಿನ ಸಂಜೆ, ಅಡಿಕೆ ಸುಲಿಯುತ್ತಿದ್ದ ಅಮ್ಮನ ಪಕ್ಕದಲ್ಲಿ ಕೂರಿಸಿಕೊಂಡು, ‘ಎನ್‌ಡಿಎಲ್ ಎಂದರೇನು ಎಂದು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳು, ನೋಡೋಣ’ ಎಂದೆ. ಅವನು ಆ ಮೂರು ಅಕ್ಷರಗಳ ಹಿಂದಿರುವ ಇಂಗ್ಲಿಷ್ ಪದಗಳನ್ನು, ‘ನೋ ಡಿಕಂಪ್ರೆಷನ್ ಲಿಮಿಟ್’ ಎಂದು, ಬಿಡಿಸಿ ಹೇಳಿ ಸುಮ್ಮನಾದ. ಅಮ್ಮ ‘ಹೂಂ’ ಎಂದು ಮೆಟ್ಟುಗತ್ತಿಗೆ ಇನ್ನೊಂದು ಅಡಿಕೆ ಒಡ್ಡಿದರು.

ಆದ್ದರಿಂದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಲು ನೇರವಾಗಿ ಮುರುಡೇಶ್ವರಕ್ಕೆ ಹೋಗುವ ಯೋಚನೆಯನ್ನು ಬಿಟ್ಟು, ಮೊದಲ ದಿನವನ್ನು ಶರಾವತಿಯ ಹಿನ್ನೀರಿನ ದಡದಲ್ಲಿ, ಹೊನ್ನೆಮರಡುವಿನಲ್ಲಿ ಕಳೆದೆವು. ಅಲ್ಲಿ ನಾವು ಸಿಲಿಂಡರ್ ಕಟ್ಟಿಕೊಂಡು ಮುಳುಗಲಿಲ್ಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರಗಳ ಬೊಡ್ಡೆಗಳು ಇಂದಿಗೂ ನೀರಿನಡಿಯಲ್ಲಿ ನಿಂತಿವೆ. ಮಂಕು ನೀರಿನಲ್ಲಿ ಅಂಥ ಕೊಂಬೆಗೆ ಕೊಳವೆಯೋ ಪಟ್ಟಿಯೋ ಸಿಕ್ಕಿಕೊಳ್ಳುವುದನ್ನೇ ಡೈವರುಗಳು ‘ಎಂಟ್ಯಾಂಗಲ್‌ಮೆಂಟ್’ ಎನ್ನುತ್ತಾರೆ. ನಾವು ಅಲ್ಲಿಗೆ ಹೋದದ್ದು ಒಂದು ಸ್ಟೀಲ್ ಲೋಟದೊಂದಿಗೆ.

ಮೊಣಕಾಲುದ್ದದ ನೀರಿನಲ್ಲಿ ನಿಂತು ಲೋಟವನ್ನು ಬೋರಲು ಹಾಕಿ ಕೆಳಕ್ಕೆ ಒತ್ತಿದರೆ ಒಳಗಿನ ಗಾಳಿ ಹೊರಗೆ ಬರುವುದಿಲ್ಲ. ಬದಲಿಗೆ ಅಂಚಿನಿಂದ ನೀರು ಒಂದು ಕೂದಲೆಳೆಯಷ್ಟು ಒಳಗೆ ಏರುತ್ತದೆ. ಇದೇ ಲೋಟವನ್ನು ಕಡಲಿನಲ್ಲಿ 10 ಮೀಟರ್ ಆಳಕ್ಕೆ ಒಯ್ದರೆ ನೀರು ಅರ್ಧ ಲೋಟದವರೆಗೆ ಬರುತ್ತದೆ. 20 ಮೀಟರಿನಲ್ಲಿ ಗಾಳಿಗೆ ಉಳಿಯುವುದು ಮೂರನೆಯ ಒಂದು ಪಾಲು, 30 ಮೀಟರಿನಲ್ಲಿ ಕಾಲು ಪಾಲು. ಪ್ರತಿ 10 ಮೀಟರ್ ಕಡಲನೀರು ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದಷ್ಟೇ ಭಾರವನ್ನು ಹೇರುತ್ತದೆ, ಮತ್ತು ಒತ್ತಡ ಎಷ್ಟು ಪಟ್ಟು ಹೆಚ್ಚುತ್ತದೆಯೋ ಗಾಳಿ ಅಷ್ಟು ಪಟ್ಟು ಕುಗ್ಗುತ್ತದೆ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ ಇದು. ಇಪ್ಪತ್ತು ವರ್ಷ ಪಿಯುಸಿ ಮಕ್ಕಳಿಗೆ ಕರಿಹಲಗೆಯ ಮೇಲೆ ಈ ನಿಯಮವನ್ನು ಬರೆದ ನನಗೆ, ಅದು ನನ್ನ ಶ್ವಾಸಕೋಶದ ಕುರಿತ ಮಾತು ಎಂದು ತಿಳಿದದ್ದು ನೀರಿಗಿಳಿದ ಮೇಲೆಯೇ. ಆಳದಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಒಂದು ಎದೆತುಂಬ ಉಸಿರು 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಎರಡು ಎದೆತುಂಬ ಆಗುತ್ತದೆ. ಉಸಿರು ಕಟ್ಟಿ ಹಿಡಿದರೆ ಅದಕ್ಕೆ ಹೋಗಲು ದಾರಿಯಿಲ್ಲ, ಶ್ವಾಸಕೋಶವೇ ಹರಿಯಬಹುದು. ‘ಎಂದೂ ಉಸಿರು ಹಿಡಿಯಬೇಡ’ ಎಂಬುದು ಈ ವಿದ್ಯೆಯ ಮೊದಲ ಪಾಠವಾದದ್ದು ಇದಕ್ಕಾಗಿ.

ಈ ಬೋರಲು ಲೋಟವನ್ನೇ ಮನೆಯಷ್ಟು ದೊಡ್ಡದು ಮಾಡಿ ನದಿಯ ತಳಕ್ಕೆ ಇಳಿಸಿ, ನೀರು ಒಳನುಗ್ಗದಂತೆ ಗಾಳಿಯನ್ನು ಒತ್ತಿ ತುಂಬಿ, ಅದರೊಳಗೆ ಕೂಲಿಯಾಳುಗಳನ್ನು ಇಳಿಸಿ ಸೇತುವೆಯ ಅಡಿಪಾಯ ತೋಡಿಸುತ್ತಿದ್ದ ಕಾಲವೊಂದಿತ್ತು. ಆ ಪೆಟ್ಟಿಗೆಗೆ ‘ಕೇಸನ್’ ಎಂದು ಹೆಸರು. 1870ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಏಳುವಾಗ, ಕೆಲಸ ಮುಗಿಸಿ ಮೇಲೆ ಬಂದವರು ಕೀಲುನೋವಿನಿಂದ ನರಳಿದರು, ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಹಾಸಿಗೆ ಹಿಡಿದರು. ನೋವಿನಿಂದ ಬಾಗಿ ನಡೆಯುವವರ ಭಂಗಿಯಿಂದ ಆ ಕಾಯಿಲೆಗೆ ‘ಬೆಂಡ್ಸ್’ ಎಂಬ ಅಡ್ಡಹೆಸರು ಬಂತು; ಇಂದಿನ ವೈದ್ಯರು ಡಿಕಂಪ್ರೆಷನ್ ಕಾಯಿಲೆ, ಚಿಕ್ಕದಾಗಿ ಡಿಸಿಎಸ್ ಎನ್ನುತ್ತಾರೆ. ಕಾರಣ ಇಷ್ಟೆ: ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 79 ಪಾಲು ನೈಟ್ರೋಜನ್. ದೇಹ ಅದನ್ನು ಬಳಸುವುದಿಲ್ಲ, ಆದರೆ ಒತ್ತಡ ಹೆಚ್ಚಿದಷ್ಟೂ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಹೆಚ್ಚು ಹೆಚ್ಚು ಕರಗುತ್ತದೆ. ನಿಧಾನವಾಗಿ ಮೇಲೆದ್ದರೆ ಕರಗಿದ್ದು ಉಸಿರಿನ ದಾರಿಯಲ್ಲೇ ಹೊರಹೋಗುತ್ತದೆ. ಅವಸರ ಮಾಡಿದರೆ ಗೋಲಿ ಸೋಡಾದ ಗೋಲಿ ಒತ್ತಿದಂತೆ ದೇಹದೊಳಗೇ ಗುಳ್ಳೆಯೇಳುತ್ತದೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂಬುದಕ್ಕೆ ಮೊದಲ ನಂಬಬಹುದಾದ ಕೋಷ್ಟಕಗಳನ್ನು ಮೇಕೆಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್.

‘ಹಾಗಾದರೆ ಎನ್‌ಡಿಎಲ್ ಎಂದರೆ, ದಾರಿಯಲ್ಲಿ ಎಲ್ಲೂ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಲಿಕ್ಕೆ ಇರುವ ಗಡುವು ಅಲ್ಲವೇ ಅತ್ತೆ?’ ಎಂದ ಹುಡುಗ. ಹೌದು. ಹೆಚ್ಚು ಬಳಕೆಯಲ್ಲಿರುವ ಒಂದು ಕೋಷ್ಟಕದಲ್ಲಿ ಆ ಗಡುವು 18 ಮೀಟರಿಗೆ 56 ನಿಮಿಷ, 30 ಮೀಟರಿಗೆ 20 ನಿಮಿಷ. ಗಡುವು ಮೀರಿದರೆ ನಡುನೀರಿನಲ್ಲಿ ಲೆಕ್ಕ ಹಾಕಿದಷ್ಟು ಹೊತ್ತು ನಿಂತು ಋಣ ತೀರಿಸಿಯೇ ಏಳಬೇಕು. ಅದು ‘ಡೆಕೊ’ ಡೈವ್, ನಮ್ಮಂಥವರ ವ್ಯಾಪ್ತಿಯದಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಪತ್ರಿಕೆ ತೆರೆದವರೆಲ್ಲ ಮೊದಲು ಹುಡುಕುವ ಸಂಖ್ಯೆ ಲಿಂಗನಮಕ್ಕಿ ಜಲಾಶಯ ತುಂಬುವ ಮಟ್ಟವಾದ 1819 ಅಡಿ. ಸಮುದ್ರಮಟ್ಟದಿಂದ 554 ಮೀಟರ್. ಡೈವಿಂಗಿನಲ್ಲಿ 300 ಮೀಟರಿಗಿಂತ ಎತ್ತರದ ಯಾವ ನೀರಿನಲ್ಲಿ ಮುಳುಗಿದರೂ ಅದು ‘ಆಲ್ಟಿಟ್ಯೂಡ್ ಡೈವ್’. ಇಲ್ಲಿ ಗಾಳಿಯ ಒತ್ತಡ ಕಡಲ ತೀರಕ್ಕಿಂತ ನೂರಕ್ಕೆ ಆರರಷ್ಟು ಕಡಿಮೆ ಇರುವುದರಿಂದ ಮೇಲೆ ಬಂದವನಿಗೆ ಸಿಗುವ ಹೊದಿಕೆಯೇ ತೆಳ್ಳಗೆ. ಅದೇ ಆಳವನ್ನು ಕೋಷ್ಟಕದಲ್ಲಿ ಇನ್ನೂ ಆಳವೆಂದೇ ಹಿಡಿಯಬೇಕು. ತುಂಗೆಯಲ್ಲೋ ಶರಾವತಿಯಲ್ಲೋ ಯಾರಾದರೂ ಕೊಚ್ಚಿಹೋದಾಗ ಕರೆಸುವ ಮುಳುಗು ತಜ್ಞರನ್ನು ನೆನೆದಾಗಲೆಲ್ಲ ಈ ಆರು ಪಾಲಿನ ಲೆಕ್ಕ ನನ್ನ ಮನಸ್ಸಿಗೆ ಬರುತ್ತದೆ.

ಎರಡನೆಯ ದಿನ: ಘಾಟಿ ಮತ್ತು ಕಿವಿ

ಜೋಗ, ಮಾವಿನಗುಂಡಿ, ಗೇರುಸೊಪ್ಪೆ, ಹೊನ್ನಾವರ. ನಾವು ಶರಾವತಿಯ ಜೊತೆಜೊತೆಗೇ ಕಡಲಿಗೆ ಇಳಿದೆವು. ನದಿ 253 ಮೀಟರನ್ನು ಒಂದೇ ಜಿಗಿತಕ್ಕೆ ಇಳಿಯುತ್ತದೆ, ರಸ್ತೆಗೆ ಹತ್ತಾರು ತಿರುವು ಬೇಕು. ಅರ್ಧ ಘಾಟಿಯಲ್ಲಿ ಹುಡುಗ ‘ಅತ್ತೆ, ಕಿವಿ ಕಟ್ಟಿತು’ ಎಂದ. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ.

‘ಕಿವಿ ಕಟ್ಟುವುದು’, ‘ಕಿವಿ ಬಿಡುವುದು’. ಮಲೆನಾಡಿನ ಪ್ರತಿ ಮಗುವಿಗೂ ಗೊತ್ತಿರುವ ಈ ಎರಡು ಮಾತುಗಳಲ್ಲಿ ‘ಈಕ್ವಲೈಸೇಷನ್’ ಎಂಬ ಉದ್ದನೆಯ ಪದ ಪೂರ್ತಿಯಾಗಿ ಅಡಗಿದೆ. ಕಿವಿಯ ತಮಟೆಯ ಹಿಂದಿರುವ ಗಾಳಿಯ ಕೋಣೆಗೂ ಗಂಟಲಿಗೂ ನಡುವೆ ಯುಸ್ಟೇಷಿಯನ್ ನಾಳವಿದೆ. ಹೊರಗಿನ ಒತ್ತಡ ಏರಿದಾಗ ಆ ನಾಳ ತೆರೆದು ಒಳಕ್ಕೆ ಗಾಳಿ ಬಿಡದಿದ್ದರೆ ತಮಟೆ ಒಳಕ್ಕೆ ಬಾಗುತ್ತದೆ. ಸಾಗರದಿಂದ ಕಡಲ ತೀರದವರೆಗೆ ಇಡೀ ಘಾಟಿ ಇಳಿದಾಗ ಕಿವಿಗೆ ಆಗುವ ಬದಲಾವಣೆ, ಕಡಲಿನಲ್ಲಿ ಸುಮಾರು ಎರಡು ಅಡಿ ಇಳಿದಾಗ ಆಗುವಷ್ಟು ಮಾತ್ರ. ಎರಡು ಅಡಿಗೆ ಇಷ್ಟಾದರೆ ನಾಲ್ಕು ಮೀಟರಿಗೆ ಎಷ್ಟು ಎಂಬುದನ್ನು ನಾನು ನನ್ನ ಕಿವಿಯನ್ನೇ ತೆತ್ತು ಕಲಿತೆ.

ಒಂಬತ್ತು ವರ್ಷದ ಹಿಂದಿನ ಮಾತು. ಅರ್ಧ ವಾಸಿಯಾದ ಶೀತದಲ್ಲಿಯೇ ನನ್ನ ಮೊದಲ ಸಮುದ್ರದ ಡೈವಿಗೆ ಹೋಗಿದ್ದೆ. ‘ಈಕ್ವಲೈಸ್ ಮಾಡ್ತಾ ಇರಿ ಮೇಡಂ’ ಎಂದು ದೋಣಿಯಲ್ಲಿ ಹೇಳಿದರು, ನಾನು ತಲೆಯಾಡಿಸಿದೆ. ಅದು ನೋವು ಬಂದ ಮೇಲೆ ಮಾಡುವ ಉಪಚಾರವಲ್ಲ, ನೋವು ಬರುವ ಮೊದಲೇ ಪ್ರತಿ ಒಂದೆರಡು ಅಡಿಗೊಮ್ಮೆ ಮಾಡಬೇಕಾದದ್ದು ಎಂದು ಯಾರೂ ಹೇಳಿರಲಿಲ್ಲ. ನಾಲ್ಕು ಮೀಟರಿನಲ್ಲಿ ಕಿವಿಯೊಳಗೆ ದಬ್ಬಣ ಚುಚ್ಚಿದಂತಾಯಿತು. ಮೂಗು ಹಿಡಿದು ಬಲವಂತವಾಗಿ ಊದಿದೆ. ಮೇಲೆ ಬಂದು ಮಾಸ್ಕ್ ತೆಗೆದಾಗ ಗಾಜಿನ ಕೆಳಮೂಲೆಯಲ್ಲಿ, ಉಪ್ಪುನೀರಿನ ಜೊತೆ, ಕುಂಕುಮ ಕಲಸಿದಂಥ ರಕ್ತ ನಿಂತಿತ್ತು. ಮೂರು ವಾರ ಎಡಗಿವಿಗೆ ಲೋಕವೆಲ್ಲ ಹತ್ತಿಯೊಳಗಿಂದ ಕೇಳಿಸಿತು. ಇದಕ್ಕೆ ‘ಬ್ಯಾರೋಟ್ರಾಮಾ’, ಅಂದರೆ ಒತ್ತಡದ ಗಾಯ ಎಂಬ ಹೆಸರಿದೆ ಎಂದು ಆಮೇಲೆ ತಿಳಿಯಿತು. ಅರ್ಧ ತಿಳಿದ ಪದದ ಬಗ್ಗೆ ನನಗಿರುವ ಹಟ ಅಂದು ಹುಟ್ಟಿದ್ದು.

ಕಾರನ್ನು ರಸ್ತೆಬದಿಗೆ ನಿಲ್ಲಿಸಿ, ಮೇಲೆ ಸಿಂಗಳೀಕಗಳ ಹಿಂಡೊಂದು ಕೊಂಬೆ ದಾಟುತ್ತಿದ್ದಾಗ, ನಾವಿಬ್ಬರೂ ಮೂಗು ಹಿಡಿದು ಅಭ್ಯಾಸ ಮಾಡಿದೆವು. ಮೂಗು ಮುಚ್ಚಿ ಮೆಲ್ಲಗೆ ಊದುವುದು ‘ವಾಲ್ಸಾಲ್ವಾ’, ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ವಾಲ್ಸಾಲ್ವಾ ಅವರ ಹೆಸರಿನದು. ಮೂಗು ಮುಚ್ಚಿ ಉಗುಳು ನುಂಗುವುದು ‘ಟಾಯ್ನ್‌ಬೀ’. ಗಂಟಲನ್ನು ಮುಚ್ಚಿ ನಾಲಿಗೆಯ ಹಿಂಭಾಗವನ್ನೇ ಪಂಪಿನ ಹಾಗೆ ಮೇಲೊತ್ತುವುದು ‘ಫ್ರೆಂಜೆಲ್’. ಎದೆಯ ಬಲ ಬೇಡದ ಕಾರಣ ಮೂರರಲ್ಲಿ ಇದೇ ಮೃದು, ನನಗೆ ಒಗ್ಗಿದ್ದೂ ಇದೇ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಯತ್ನಿಸಬೇಕು. ಆಗಲೂ ಬಿಡದಿದ್ದರೆ ಅಂದಿನ ಡೈವ್ ಮುಗಿಯಿತು.

ಸಂಜೆ ಮುರುಡೇಶ್ವರದಲ್ಲಿ, 123 ಅಡಿಯ ಶಿವನ ಮೂರ್ತಿ ಕಾಣುವ ವಸತಿಗೃಹದಲ್ಲಿ, ಸಲಕರಣೆಗಳನ್ನು ಒಂದೊಂದಾಗಿ ಹರಡಿಕೊಂಡು ಕುಳಿತೆವು. ಪತ್ರಿಕೆಗಳಲ್ಲಿ ಬರುವ ‘ಆಮ್ಲಜನಕದ ಸಿಲಿಂಡರ್’ ಎಂಬ ಮಾತನ್ನು ಡೈವರಾದವನು ಬಾಯಿತಪ್ಪಿಯೂ ಆಡಬಾರದು. ನಮ್ಮ ಬೆನ್ನಿನ ಮೇಲಿರುವುದು ಸೋಸಿ ಒಣಗಿಸಿ ಒತ್ತಿ ತುಂಬಿದ ಸಾಮಾನ್ಯ ಗಾಳಿ. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಕೆಳಗೆ ಉಸಿರಾಡಿದರೆ ಅದು ನಂಜಾಗಿ ಸೆಳವು ಬರಿಸಬಲ್ಲದು. ಆಮ್ಲಜನಕದ ಪಾಲನ್ನು 21ರಿಂದ 32ಕ್ಕೋ 36ಕ್ಕೋ ಏರಿಸಿದ ‘ನೈಟ್ರಾಕ್ಸ್’ ಇದೆ. ಅದರಿಂದ ನೈಟ್ರೋಜನ್ ಕಡಿಮೆಯಾಗಿ ಗಡುವು ಉದ್ದವಾಗುತ್ತದೆ, ಆದರೆ ಇಳಿಯಬಹುದಾದ ಆಳ ಕಡಿಮೆಯಾಗುತ್ತದೆ.

ಸಿಲಿಂಡರಿನಲ್ಲಿ ಗಾಳಿ 200 ಬಾರ್, ಅಂದರೆ ವಾಯುಮಂಡಲದ ಸುಮಾರು 200 ಪಟ್ಟು ಒತ್ತಡದಲ್ಲಿ ಇರುತ್ತದೆ. ಅದನ್ನು ನೇರವಾಗಿ ಬಾಯಿಗಿಟ್ಟುಕೊಳ್ಳಲಾಗದು. ರೆಗ್ಯುಲೇಟರಿನ ‘ಫಸ್ಟ್ ಸ್ಟೇಜ್’ ಆ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ‘ಸೆಕೆಂಡ್ ಸ್ಟೇಜ್’ ನಾವು ಉಸಿರೆಳೆದಾಗ ಮಾತ್ರ ತೆರೆದು, ಆ ಆಳದ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ಕೇಳಿದಾಗ ಮಾತ್ರ ಕೊಡುವ ಈ ಕವಾಟವನ್ನು ಝಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಡೈವಿಂಗಿಗೆ ಹೊಂದಿಸಿದ್ದರಿಂದಲೇ ನನ್ನಂಥ ಅಧ್ಯಾಪಕಿಯೂ ಮೀನುಗಳ ನಡುವೆ ಇರಬಹುದಾಯಿತು. ಹಳದಿ ಬಣ್ಣದ ಇನ್ನೊಂದು ಸೆಕೆಂಡ್ ಸ್ಟೇಜಿಗೆ ‘ಆಕ್ಟೋಪಸ್’ ಎನ್ನುತ್ತಾರೆ. ಅದು ನನಗಲ್ಲ, ಗಾಳಿ ಮುಗಿದ ಜೊತೆಗಾರನಿಗೆ. ಉಳಿದ ಗಾಳಿಯನ್ನು ತೋರಿಸುವ ಮಾಪಕ ಎಸ್‌ಪಿಜಿ. ಗಾಳಿ ತುಂಬಿ ತೆಗೆದು ತೇಲುವಿಕೆಯನ್ನು ಹತೋಟಿಯಲ್ಲಿಡುವ ಜಾಕೆಟ್ ಬಿಸಿಡಿ.

ಮೂರನೆಯ ದಿನ: ನೇತ್ರಾಣಿ

ಬೆಳಿಗ್ಗೆ ಎರಡು ಇಡ್ಲಿಯಷ್ಟೇ ತಿಂದು ದೋಣಿ ಹತ್ತಿದೆವು. ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೊಮೀಟರ್, ಒಂದೂವರೆ ಗಂಟೆಯ ದಾರಿ. ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಹಂಚುವಾಗ ಹುಡುಗ ಈಜುಕೊಳದ ಲೆಕ್ಕದಲ್ಲಿ ನಾಲ್ಕು ಕಿಲೊ ಕೇಳಿದ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಸಲಕರಣೆ ಸೇರಿ 80 ಕಿಲೊ ತೂಗುವವನನ್ನು ಅದು ಎರಡು ಕಿಲೊ ಹೆಚ್ಚಾಗಿ ಮೇಲಕ್ಕೆತ್ತುತ್ತದೆ. ಆರು ಕಿಲೊ ಕಟ್ಟಿಸಿದೆ.

‘ಬಡಿ’ ಎಂದರೆ ನೀರಿನೊಳಗಿನ ಜೋಡಿ. ಅವನ ಜಾಕೆಟ್, ತೂಕದ ಪಟ್ಟಿ, ಕೊಕ್ಕೆಗಳು, ಗಾಳಿಯನ್ನು ನಾನು ಮುಟ್ಟಿ ನೋಡಿದೆ, ನನ್ನವನ್ನು ಅವನು ನೋಡಿದ. ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳನ್ನು ಸೇರಿಸಿ ಸೊನ್ನೆ ಮಾಡಬೇಕು. ಅಂಗೈಯನ್ನು ಅತ್ತಿತ್ತ ಹೊರಳಿಸಿದರೆ ತೊಂದರೆಯಿದೆ ಎಂದು, ಮುಷ್ಟಿಯನ್ನು ಎದೆಗಿಟ್ಟರೆ ಗಾಳಿ ಕಡಿಮೆಯಿದೆ ಎಂದು, ಕತ್ತಿನ ಮೇಲೆ ಕೈ ಎಳೆದರೆ ಗಾಳಿ ಮುಗಿಯಿತು ಎಂದು. ದೋಣಿಯ ಅಂಚಿನಲ್ಲಿ ಕುಳಿತು ಬೆನ್ನ ಮೇಲೆ ಉರುಳುವ ‘ಬ್ಯಾಕ್ ರೋಲ್’ನಲ್ಲಿ ಇಬ್ಬರೂ ಒಟ್ಟಿಗೆ ನೀರಿಗೆ ಬಿದ್ದೆವು.

‘ವಿಜ್’, ಅಂದರೆ ಕಣ್ಣು ಹಾಯುವ ದೂರ, ಅಂದು ಹನ್ನೆರಡು ಮೀಟರಿನಷ್ಟಿತ್ತು. ಹಗ್ಗ ಹಿಡಿದು ಇಳಿಯುವಾಗ ಹುಡುಗನ ಎಡಗೈ ಮೂಗಿನ ಮೇಲೇ ಇತ್ತು. ಪ್ರತಿ ಮೊಳಕ್ಕೂ ಒಮ್ಮೆ ಅವನ ಗಂಟಲು ಆಡುವುದು ಕಾಣುತ್ತಿತ್ತು. ಐದು ಮೀಟರ್ ದಾಟಿದಂತೆ ಅವನ ಪಾದಗಳಿಗೆ ತೊಟ್ಟ ಕೆಂಪು ಫಿನ್ನುಗಳು ಕಂದಾಗತೊಡಗಿದವು. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನೇ. ಹವಳದ ಬಂಡೆಗಳ ಕಡೆಯಿಂದ ಗಿಳಿಮೀನುಗಳು ಕಟಕಟನೆ ಕಚ್ಚುವ ಸದ್ದು ಕೇಳಿಸಿತು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಸಾಗುವ ಕಾರಣ ಎರಡು ಕಿವಿಗಳಿಗೂ ಬಹುತೇಕ ಒಮ್ಮೆಲೇ ತಲುಪುತ್ತದೆ, ಅದು ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಮೀನು ಎದುರಿಗೇ ಇದ್ದರೂ ಸದ್ದು ತಲೆಯೊಳಗೇ ಹುಟ್ಟಿದಂತಿರುತ್ತದೆ.

ಎಲ್ಲ ಪದಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ನ್ಯೂಟ್ರಲ್ ಬಾಯನ್ಸಿ’. ತೇಲಿ ಏಳುವುದೂ ಇಲ್ಲ, ಮುಳುಗಿ ಇಳಿಯುವುದೂ ಇಲ್ಲ, ಇದ್ದಲ್ಲೇ ಇರುವುದು. ಹುಡುಗ ಮೊದಲು ಗುಂಡಿ ಒತ್ತಿ ಜಾಕೆಟಿಗೆ ಗಾಳಿ ತುಂಬಿಕೊಂಡ. ತುಸು ಎದ್ದ, ಎದ್ದಷ್ಟೂ ಒತ್ತಡ ಇಳಿದು ಜಾಕೆಟಿನ ಗಾಳಿ ಹಿಗ್ಗಿತು, ಹಿಗ್ಗಿದಷ್ಟೂ ಇನ್ನೂ ಎದ್ದ. ಗಾಬರಿಯಿಂದ ಗಾಳಿ ಬಿಟ್ಟ, ಕಲ್ಲಿನಂತೆ ಇಳಿದ. ಕಲಿಯುವವರೆಲ್ಲರೂ ಹೀಗೆ ಏಣಿ ಹತ್ತಿ ಇಳಿಯುತ್ತಾರೆ, ಏಕೆಂದರೆ ಜಾಕೆಟ್ ದೊಡ್ಡ ತಿದ್ದುಪಡಿಗೆ ಮಾತ್ರ, ಸಣ್ಣ ತಿದ್ದುಪಡಿಗೆ ಇರುವುದು ಎದೆ. ನಾನು ಅವನೆದುರು ಅಡ್ಡವಾಗಿ ಮಲಗಿದಂತೆ ನಿಂತು ಕೈಯನ್ನು ನನ್ನ ಎದೆಯ ಮೇಲಿಟ್ಟು ತೋರಿಸಿದೆ: ಉಸಿರು ತುಂಬಿದರೆ ಒಂದು ಗೇಣು ಏರುವುದು, ಬಿಟ್ಟರೆ ಒಂದು ಗೇಣು ಇಳಿಯುವುದು, ಅದೂ ಒಂದೆರಡು ಕ್ಷಣ ತಡವಾಗಿ. ಆ ತಡವನ್ನು ಕಾಯುವುದೇ ಇದರ ಗುಟ್ಟು. ಕೊನೆಗೆ ಅವನು ಕಾದ. ಒಂದು ಹವಳದ ಬಂಡೆಯ ಮೇಲೆ, ಅದನ್ನು ಮುಟ್ಟದೆ, ಫಿನ್ ಬಡಿಯದೆ ಹಾಗೇ ನಿಂತ. ಅವನ ಗುಳ್ಳೆಗಳು ಕೆಳಗೆ ಗುಂಡಿಯಷ್ಟಿದ್ದು, ಮೇಲೇರುತ್ತ ಊಟದ ತಟ್ಟೆಯಷ್ಟು ಅಗಲವಾಗಿ ಚಪ್ಪಟೆಯಾಗುತ್ತಿದ್ದವು. ಹಿನ್ನೀರಿನ ಲೋಟ ನೆನಪಾಯಿತೇ ಎಂದು ಕೇಳುವಂತೆ ನಾನು ಬೆರಳು ಮೇಲೆ ತೋರಿಸಿದೆ. ಅವನು ಸೊನ್ನೆ ಮಾಡಿ ತೋರಿಸಿದ.

ನಲವತ್ತು ನಿಮಿಷದಲ್ಲಿ ಅವನ ಮಾಪಕ 70 ಬಾರ್‌ಗೆ ಇಳಿದಿತ್ತು. ಹೆಬ್ಬೆರಳು ಮೇಲೆತ್ತಿದೆ. ಏಳುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು. ನಮ್ಮದೇ ಅತಿ ಸಣ್ಣ ಗುಳ್ಳೆಗಳಿಗಿಂತ ನಿಧಾನವಾಗಿ ಏಳಬೇಕು. ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಇದು ‘ಸೇಫ್ಟಿ ಸ್ಟಾಪ್’. ಗಡುವಿನೊಳಗಿದ್ದವರಿಗೆ ಕಡ್ಡಾಯವಲ್ಲದಿದ್ದರೂ ನಾನು ಅದನ್ನು ಎಂದೂ ಬಿಟ್ಟಿಲ್ಲ. ಅಲ್ಲಿಂದಲೇ ಕಿತ್ತಳೆ ಬಣ್ಣದ ಉದ್ದನೆಯ ಬಲೂನೊಂದನ್ನು ಹಗ್ಗಕ್ಕೆ ಕಟ್ಟಿ ಮೇಲೆ ಬಿಟ್ಟೆ. ಇದರ ಹೆಸರು ಎಸ್‌ಎಂಬಿ, ಕೆಳಗೆ ಜನರಿದ್ದಾರೆ ಎಂದು ದೋಣಿಗಳಿಗೆ ಹೇಳುವ ಗುರುತು.

ಒಂದು ಗಂಟೆ ದೋಣಿಯಲ್ಲಿ ವಿಶ್ರಾಂತಿ, ಡೈವರುಗಳ ಮಾತಿನಲ್ಲಿ ‘ಸರ್ಫೇಸ್ ಇಂಟರ್ವಲ್’. ಮತ್ತೆ ಇನ್ನೂ ಕಡಿಮೆ ಆಳಕ್ಕೆ ಎರಡನೆಯ ಡೈವ್. ಮೇಲೆ ಬಂದಾಗ ಹನ್ನೆರಡೂವರೆ.

ತೀರಕ್ಕೆ ಮರಳಿದ ಮೇಲೆ ಹುಡುಗ ‘ಇವತ್ತು ರಾತ್ರಿಯೇ ಮನೆ ಸೇರಬಹುದಲ್ಲ’ ಎಂದ. ಬೇಡವೆಂದೆ. ಡೈವ್ ಮಾಡಿದವರು ವಿಮಾನ ಹತ್ತಲು, ಒಂದೇ ಡೈವ್ ಆಗಿದ್ದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ 18 ಗಂಟೆಯಾದರೂ ಕಾಯಬೇಕೆಂಬ ಸಲಹೆಯಿದೆ. ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಅದು ಅನ್ವಯಿಸುತ್ತದೆ; ನಮ್ಮ ಸಾಗರ ಆ ಗೆರೆಯ ಹತ್ತಿರವೇ ಇದೆ. ‘ಇಡೀ ಘಾಟಿ ಎರಡೇ ಅಡಿ ನೀರಿಗೆ ಸಮ ಎಂದು ನೀವೇ ಹೇಳಿದಿರಲ್ಲ ಅತ್ತೆ?’ ಎಂದು ಅವನು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಇಳಿಯುವಾಗ ಎರಡು ಅಡಿ ಕಿವಿಯ ವಿಷಯ. ಏರುವಾಗ ಅದು ರಕ್ತದ ವಿಷಯ. ಡೈವ್ ಮುಗಿಸಿದವನ ದೇಹ ಕಡಲ ತೀರದ ಗಾಳಿಯಲ್ಲಿಯೇ ಹಿಡಿಸಲಾರದಷ್ಟು ನೈಟ್ರೋಜನ್ ಹೊತ್ತು ನಿಂತಿರುತ್ತದೆ, ಗಂಟೆಗಟ್ಟಲೆ ಅದನ್ನು ಉಸಿರಿನಲ್ಲಿ ಕಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮೇಲಿನ ಹೊದಿಕೆಯನ್ನು ಇನ್ನೂ ಆರು ಪಾಲು ತೆಳುಮಾಡುವುದೇಕೆ? ಅಪಾಯ ಸಣ್ಣದು ಎಂದು ನನಗೂ ಗೊತ್ತು. ಆದರೆ ನನ್ನ ಮೊದಲ ವರ್ಷಗಳಲ್ಲಿ ಎರಡು ಡೈವ್ ಮಾಡಿ ಅದೇ ಸಂಜೆ ಘಾಟಿ ಹತ್ತಿದ್ದೇನೆ, ಯಾರೂ ತಡೆಯಲಿಲ್ಲ. ವಿಮಾನದ ಮಾತು ಹೇಳಿದವರು ಬೆಟ್ಟದ ಮಾತು ಹೇಳಲಿಲ್ಲ. ಮಲೆನಾಡಿನಿಂದ ನೇತ್ರಾಣಿಗೆ ಬರುವ ಪ್ರತಿಯೊಬ್ಬರೂ ಬೆಟ್ಟಕ್ಕೇ ಮರಳುವವರು.

ನಾಲ್ಕನೆಯ ದಿನ: ಮರಳಿ ಘಟ್ಟಕ್ಕೆ

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು, ಇಪ್ಪತ್ತು ಗಂಟೆಗಳು ಕಳೆದಿದ್ದವು. ಹುಡುಗ ಮುಂದಿನ ಸೀಟಿನಲ್ಲಿ ಲಾಗ್‌ಬುಕ್ ತೆರೆದು ಮೊದಲ ಡೈವಿನ ಲೆಕ್ಕ ಹಾಕುತ್ತಿದ್ದ. ಹನ್ನೆರಡು ಲೀಟರಿನ ಸಿಲಿಂಡರ್, 200ರಿಂದ 70 ಬಾರ್‌ಗೆ, ಅಂದರೆ 1560 ಲೀಟರ್ ಗಾಳಿ, 40 ನಿಮಿಷ. ಅತಿ ಹೆಚ್ಚಿನ ಆಳ 14 ಮೀಟರ್, ಸರಾಸರಿ ಆಳ 10 ಮೀಟರ್, ಅಲ್ಲಿ ಒತ್ತಡ ಎರಡು ಪಟ್ಟು. ‘ನೆಲದ ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ ಹತ್ತೊಂಬತ್ತೂವರೆ ಲೀಟರ್’ ಎಂದ. ಇದೇ ‘ಸ್ಯಾಕ್ ರೇಟ್’. ಈ ಒಂದು ಸಂಖ್ಯೆ ಗೊತ್ತಿದ್ದರೆ ಮುಂದಿನ ಬಾರಿ 20 ಮೀಟರಿಗೆ ಇಳಿದಾಗ, ಕೊನೆಯ 50 ಬಾರನ್ನು ಮುಟ್ಟದೆ, ಸುಮಾರು ಅರ್ಧ ಗಂಟೆ ಇರಬಹುದೆಂದು ನೀರಿಗಿಳಿಯುವ ಮೊದಲೇ ಹೇಳಬಹುದು.

ಗೇರುಸೊಪ್ಪೆ ದಾಟಿ ತಿರುವುಗಳು ಶುರುವಾದವು. ಮಾವಿನಗುಂಡಿಯ ಹತ್ತಿರ ಅವನು ಬರೆಯುವುದನ್ನು ನಿಲ್ಲಿಸಿ ಕಿವಿ ಮುಟ್ಟಿಕೊಂಡ. ಏರುವಾಗ ಏನೂ ಮಾಡಬೇಕಿಲ್ಲ, ಒಳಗಿನ ಗಾಳಿ ಹಿಗ್ಗಿ ನಾಳದ ದಾರಿಯಲ್ಲಿ ತಾನೇ ಹೊರಬರುತ್ತದೆ. ‘ಬಿಟ್ಟಿತು’ ಎಂದ. ಆಮೇಲೆ ಲಾಗ್‌ಬುಕ್ಕಿನ ಷರಾ ಕಾಲಮ್ಮಿನಲ್ಲಿ, ಅಜ್ಜಿಗೆ ಓದಿ ಹೇಳಲೆಂದು, ಎನ್‌ಡಿಎಲ್ ಎಂಬುದರ ಎದುರು ‘ನಿಲ್ಲದೆ ಏಳುವ ಗಡುವು: 14 ಮೀಟರಿಗೆ 98 ನಿಮಿಷ, ನಾವು ಇದ್ದದ್ದು 40’ ಎಂದು ಕನ್ನಡದಲ್ಲಿ ಬರೆದುಕೊಂಡ.